ಮಗುವಿನ ಕೈಗೆ ಮೊದಲ ಗಾಳ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತಿನ ಬರಹ ರೂಪ)



ಬೇಸಿಗೆ ರಜೆ ಹತ್ತಿರ ಬಂತೆಂದರೆ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಎರಡು ಚಿಂತೆಗಳು ಶುರುವಾಗುತ್ತವೆ. ಮೊದಲನೆಯದು ಊರಿನ ರೈಲು ಟಿಕೆಟ್ಟಿನದು. ವೇಟಿಂಗ್ ಲಿಸ್ಟ್ ಎಷ್ಟು ಇಳಿಯಿತು ಎಂದು ದಿನಕ್ಕೆ ನಾಲ್ಕು ಸಲ ನೋಡುತ್ತೇವೆ. ಎರಡನೆಯದು ಮಕ್ಕಳದು. ಟಿಕೆಟ್ ಸಿಕ್ಕಿ, ಊರು ಮುಟ್ಟಿ, ಅಜ್ಜಿ ಮಾಡಿದ ನೀರುದೋಸೆ ತಿಂದು ಮುಗಿಸಿದ ಮೂರನೆಯ ದಿನಕ್ಕೆ ಮಗು ಮುಖ ಸಣ್ಣದು ಮಾಡಿಕೊಂಡು ಕೇಳುತ್ತದೆ, "ಅಮ್ಮಾ, ಇಲ್ಲಿ ಏನೂ ಇಲ್ವಾ?" ನೆಟ್‌ವರ್ಕ್ ಸರಿಯಾಗಿ ಬರುವುದಿಲ್ಲ, ಮೊಬೈಲಿನ ಆಟ ಓಡುವುದಿಲ್ಲ. ಅಂಗಳದ ಆಚೆ ಗದ್ದೆ, ಗದ್ದೆಯ ಆಚೆ ಕೆರೆ, ಕೆರೆಯ ಆಚೆ ಹೊಳೆ ಇದೆ. ಆದರೆ ಅಲ್ಲಿ ಏನಿದೆ ಎಂದು ಆ ಮಗುವಿಗೆ ಕೈಹಿಡಿದು ತೋರಿಸಿದವರು ಯಾರೂ ಇಲ್ಲ.

ಇವತ್ತಿನ ನನ್ನ ಮಾತು ಆ ಮೂರನೆಯ ದಿನದ ಬಗ್ಗೆ. ಪುಟ್ಟ ಮಗುವನ್ನು ಮೊದಲ ಸಲ ಮೀನು ಹಿಡಿಯಲು ಕರೆದುಕೊಂಡು ಹೋಗುವುದರ ಬಗ್ಗೆ.

ಒಂದು ತಮಾಷೆ ನೋಡಿ. ಕೊಂಕಣ ರೈಲ್ವೆ 1998ರಲ್ಲಿ ಪೂರ್ತಿಯಾದ ಮೇಲೆ ನಮ್ಮನ್ನು ಊರಿಗೆ ಕರೆದೊಯ್ಯುವ ಒಂದು ರೈಲಿಗೆ ಮತ್ಸ್ಯಗಂಧ ಎಂದು ಹೆಸರಿಟ್ಟರು. ಮೀನಿನ ಹೊಟ್ಟೆಯಲ್ಲಿ ಹುಟ್ಟಿ, ಬೆಸ್ತರ ಮನೆಯಲ್ಲಿ ಬೆಳೆದು, ಹೊಳೆಯಲ್ಲಿ ದೋಣಿ ನಡೆಸುತ್ತಿದ್ದ ಮಹಾಭಾರತದ ಹುಡುಗಿಯ ಹೆಸರದು. ಆ ಹೆಸರಿನ ರೈಲಿನಲ್ಲಿ ಕೂತು ಊರಿಗೆ ಹೋಗುವ ನಮ್ಮ ಮಕ್ಕಳಿಗೆ ಮೀನು ಅಂದರೇನು? ಮಾರ್ಕೆಟ್ಟಿನಿಂದ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಂದ ತುಂಡುಗಳು. ತಲೆ ಇಲ್ಲ, ಬಾಲ ಇಲ್ಲ, ಕಣ್ಣಿಲ್ಲ. ಅದಕ್ಕೆ ಅವರು ಇಟ್ಟ ಹೆಸರೂ ಇಲ್ಲಿನದೇ. ಅಜ್ಜಿ ಅಂಜಲ್ ಎಂದರೆ ಮೊಮ್ಮಗ ಸುರಮಯಿ ಎನ್ನುತ್ತಾನೆ. ಎರಡೂ ಒಂದೇ ಮೀನು. ಆದರೆ ಅಜ್ಜಿ ಮೊಮ್ಮಗ ಇಬ್ಬರಿಗೂ ಅದು ಗೊತ್ತಿಲ್ಲ!

ನಮ್ಮ ಕೇಳುಗರಲ್ಲಿ ಮೀನು ಮುಟ್ಟದವರೂ ಬಹಳ ಮಂದಿ ಇದ್ದೀರಿ. ನೀವು ರೇಡಿಯೋ ಆಫ್ ಮಾಡಬೇಡಿ. ನಾನು ಹೇಳಹೊರಟಿರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ನೀರಿನದು, ಕಾಯುವುದರದು, ಮಗುವಿನ ಪ್ರಶ್ನೆಗಳದು. ಕೊಕ್ಕೆಯೇ ಇಲ್ಲದ ದಾರದ ತುದಿಗೆ ಹಿಟ್ಟಿನ ಉಂಡೆ ಕಟ್ಟಿ ಇಳಿಬಿಟ್ಟರೂ ಮೀನುಗಳು ಬಂದು ಕಚ್ಚಿ ಎಳೆಯುತ್ತವೆ. ಆ ಎಳೆತ ಬೆರಳಿಗೆ ಗೊತ್ತಾದರೆ ಸಾಕು, ಮಗುವಿಗೆ ಅರ್ಧ ಪಾಠ ಆದ ಹಾಗೆ.

ಮೊದಲು, ಎಷ್ಟನೆಯ ವಯಸ್ಸಿಗೆ? ಹೇಳಿದ ಮಾತು ಕೇಳುವ, "ನಿಲ್ಲು" ಎಂದರೆ ನಿಲ್ಲುವ ವಯಸ್ಸು ಬಂದರೆ ಸಾಕು. ಐದೋ ಆರೋ ವರ್ಷ ಅನ್ನಿ. ಕೆಲವು ಮಕ್ಕಳಿಗೆ ಏಳಾದರೂ ಆ ಗುಣ ಬಂದಿರುವುದಿಲ್ಲ. ಅಂಥವರಿಗೆ ಇನ್ನೊಂದು ವರ್ಷ ಬಿಡಿ. ಕೆರೆ ಎಲ್ಲಿಗೂ ಓಡಿಹೋಗುವುದಿಲ್ಲ.

ಎಷ್ಟು ಹೊತ್ತು? ಮೊದಲ ದಿನಕ್ಕೆ ಒಂದು ಗಂಟೆ ಸಾಕು. ದೊಡ್ಡವರಿಗೆ ಗಾಳದ ಹುಚ್ಚು ಹಿಡಿದರೆ ಊಟ ನೆನಪಾಗುವುದಿಲ್ಲ. ಆ ಹುಚ್ಚನ್ನು ಮಗುವಿನ ಮೇಲೆ ಹೇರಬಾರದು. "ಇನ್ನೂ ಸ್ವಲ್ಪ ಹೊತ್ತು ಇರೋಣ" ಎಂದು ಮಗುವೇ ಹೇಳುತ್ತಿರುವಾಗ ಎದ್ದು ಬನ್ನಿ. ಆಗ ನಾಳೆ ಬೆಳಿಗ್ಗೆ ನಿಮಗಿಂತ ಮೊದಲು ಅದೇ ಎದ್ದು ಕೂತಿರುತ್ತದೆ.

ಯಾವ ಹೊತ್ತು? ಬೆಳಿಗ್ಗೆ ಬಿಸಿಲು ಏರುವ ಮುಂಚೆ, ಇಲ್ಲವೇ ಸಂಜೆ ಬಿಸಿಲು ಇಳಿದ ಮೇಲೆ. ಇದು ನಮ್ಮ ಅನುಕೂಲಕ್ಕೆ ಮಾತ್ರವಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಮೇ ತಿಂಗಳ ಮಧ್ಯಾಹ್ನ ದಡದ ಕಡೆಯ ನೀರು ಕಾದಾಗ ಮೀನುಗಳು ಆಳಕ್ಕೋ ನೆರಳಿಗೋ ಸರಿದು ಸುಮ್ಮನಿರುತ್ತವೆ. ಮಧ್ಯಾಹ್ನ ಹನ್ನೆರಡಕ್ಕೆ ಮಗುವನ್ನು ಕೂರಿಸಿದರೆ ಮೀನೂ ಇಲ್ಲ, ಮಗುವಿಗೆ ತಲೆನೋವು ಬೇರೆ.

ಇನ್ನು ಸಾಮಾನು. ಪೇಟೆಯಲ್ಲಿ ಚಕ್ರವಿರುವ ದುಬಾರಿ ರಾಡ್ ಸಿಗುತ್ತದೆ. ಮೊದಲ ದಿನಕ್ಕೆ ಅದು ಬೇಡವೇ ಬೇಡ. ಮಗುವಿನ ಎತ್ತರದ ಒಂದೂವರೆ ಪಟ್ಟು ಉದ್ದದ ಸಪೂರ ಬಿದಿರುಕೋಲು, ಅಷ್ಟೇ ಉದ್ದದ ನೈಲಾನ್ ದಾರ, ಒಂದು ಸಣ್ಣ ಕೊಕ್ಕೆ, ದಾರ ಮುಳುಗಲು ಚಿಕ್ಕ ಭಾರ, ತೇಲಲು ಒಂದು ಬೆಂಡು. ಬೆಂಡಿಗೆ ಹಳೆಯ ಚಪ್ಪಲಿಯ ಹಗುರ ಅಟ್ಟೆಯ ತುಂಡಾದರೂ ನಡೆಯುತ್ತದೆ. ಮಗುವಿನ ಕೈಯಲ್ಲೇ ಅದಕ್ಕೆ ಕೆಂಪು ಬಣ್ಣ ಹಚ್ಚಿಸಿ. ತಾನು ಬಣ್ಣ ಹಚ್ಚಿದ ಬೆಂಡನ್ನು ಮಗು ಎಷ್ಟು ಹೊತ್ತು ಬೇಕಾದರೂ ನೋಡುತ್ತಾ ಕೂರುತ್ತದೆ. ಎರೆಗೆ ಎರೆಹುಳು ಒಳ್ಳೆಯದು. ಬಚ್ಚಲು ನೀರು ಹರಿಯುವ ಬಾಳೆಬುಡದಲ್ಲಿ ಅಗೆದರೆ ಸಿಗುತ್ತದೆ. ಹುಳ ಬೇಡವೆಂದರೆ ಗೋಧಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ ಕಡಲೆ ಗಾತ್ರದ ಉಂಡೆ ಮಾಡಿಕೊಳ್ಳಿ.

ಕೊಕ್ಕೆಯ ಬಗ್ಗೆ ಒಂದು ಮುಖ್ಯ ಮಾತು. ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ಮುಖ ಮಾಡಿದ ಒಂದು ಸಣ್ಣ ಮುಳ್ಳಿರುತ್ತದೆ. ಕಚ್ಚಿದ ಮೀನು ಜಾರಿ ಹೋಗದಂತೆ ತಡೆಯುವುದು ಅದೇ. ಅದನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಡಿ. ಒಂದೆರಡು ಮೀನು ತಪ್ಪಿಸಿಕೊಳ್ಳಬಹುದು, ಪರವಾಗಿಲ್ಲ. ಮಗುವಿನ ಬೆರಳಿಗೆ ಚುಚ್ಚಿಕೊಂಡರೆ ಸುಲಭವಾಗಿ ಹೊರಬರುತ್ತದೆ. ಬಿಡಬೇಕೆಂದ ಮೀನಿನ ಬಾಯಿಯಿಂದಲೂ ಹರಿಯದೆ ಬರುತ್ತದೆ. ಚುಚ್ಚಿದರೆ ಗಾಯ ತೊಳೆದು, ಧನುರ್ವಾಯು ಚುಚ್ಚುಮದ್ದು ಯಾವಾಗ ಆಗಿದೆ ಎಂದು ನೋಡಿಕೊಂಡು ಡಾಕ್ಟರಿಗೆ ತೋರಿಸಿ. ಸೀಸದ ಗುಂಡನ್ನು ಹಲ್ಲಿನಿಂದ ಕಚ್ಚಿ ದಾರಕ್ಕೆ ಬಿಗಿಯುವ ಅಭ್ಯಾಸ ಕೆಲವರಿಗಿದೆ. ಮಕ್ಕಳ ಎದುರು ಅದನ್ನು ಮಾಡಬೇಡಿ, ಸೀಸ ವಿಷ. ಅದನ್ನು ಮುಟ್ಟಿದ ಕೈ ತೊಳೆಯದೆ ಚಕ್ಕುಲಿ ಡಬ್ಬಕ್ಕೂ ಕೈ ಹಾಕಬಾರದು.

ಈಗ ನೀರಿನ ಮಾತು. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರತಂದ ವರದಿಯ ಪ್ರಕಾರ 2021ನೇ ಇಸವಿಯೊಂದರಲ್ಲೇ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತಿದ್ದಾರೆ. ಅವರಲ್ಲಿ ಹೆಚ್ಚುಕಡಿಮೆ ನಾಲ್ಕನೇ ಒಂದು ಭಾಗ 5 ವರ್ಷದೊಳಗಿನ ಮಕ್ಕಳು. ಸಿನಿಮಾದಲ್ಲಿ ತೋರಿಸುವ ಹಾಗೆ ಮುಳುಗುವ ಮಗು ಕೈ ಬೀಸಿ "ಕಾಪಾಡಿ" ಎಂದು ಕೂಗುವುದಿಲ್ಲ. ಉಸಿರಿಗೇ ದಾರಿ ಇಲ್ಲದಾಗ ಕೂಗು ಎಲ್ಲಿಂದ ಬರಬೇಕು? ಸದ್ದಿಲ್ಲದೆ ಕೆಳಗೆ ಹೋಗುತ್ತದೆ. ಆದ್ದರಿಂದ "ಕೂಗಿದರೆ ಕೇಳಿಸುತ್ತದೆ, ಇಲ್ಲೇ ಇದ್ದೇನಲ್ಲ" ಎಂಬ ಧೈರ್ಯ ಬೇಡ. ಮಗು ನಿಮ್ಮ ಕೈಗೆ ಎಟಕುವಷ್ಟೇ ದೂರದಲ್ಲಿರಬೇಕು. ಒಂದು ಮಗುವಿಗೆ ಒಬ್ಬರು ದೊಡ್ಡವರು, ಅವರ ಮೊಬೈಲ್ ಜೇಬಿನಲ್ಲಿ. ಫೋಟೋ ತೆಗೆಯಲು ಬೇರೆ ಒಬ್ಬರು ಬರಲಿ. ಲೈಫ್ ಜಾಕೆಟ್ ಸಿಗುವಂತಿದ್ದರೆ ನಾಚಿಕೆಪಡದೆ ತೊಡಿಸಿ. ಊರಿನವರು ನಕ್ಕರೆ ನಗಲಿ.

ಜಾಗ ಆರಿಸುವಾಗಲೂ ಅಷ್ಟೇ. ಇಳಿಜಾರಿನ ಪಾಚಿಗಲ್ಲು ಬೇಡ, ಹರಿಯುವ ಹೊಳೆ ಬೇಡ, ಮರಳು ತೆಗೆದು ಗುಂಡಿ ಬಿದ್ದ ಜಾಗ ಅಂತೂ ಬೇಡವೇ ಬೇಡ. ಹೊಳೆಯ ಮೇಲ್ಭಾಗದಲ್ಲಿ ಅಣೆಕಟ್ಟಿದ್ದರೆ ಯಾವ ಹೊತ್ತಿಗೆ ನೀರು ಬಿಡುತ್ತಾರೆ ಎಂಬುದು ಊರಿನವರಿಗೆ ಗೊತ್ತಿರುತ್ತದೆ, ಕೇಳಿ. ಮೇಲೆ ವಿದ್ಯುತ್ ತಂತಿ ಹಾದುಹೋಗಿದೆಯೇ ಎಂದು ತಲೆ ಎತ್ತಿ ನೋಡಿ, ಏಕೆಂದರೆ ನಿಮ್ಮ ಕೈಯಲ್ಲಿ ಉದ್ದದ ಕೋಲಿದೆ. ಇನ್ನೊಂದು ವಿಷಯ, ನಮ್ಮ ಕಡೆಯ ಎಷ್ಟೋ ಊರಕೆರೆಗಳನ್ನು ಮೀನು ಸಾಕುವುದಕ್ಕೆ ಗುತ್ತಿಗೆ ಕೊಟ್ಟಿರುತ್ತಾರೆ. ಗುತ್ತಿಗೆದಾರರನ್ನು ಒಂದು ಮಾತು ಕೇಳಿ ಹೋದರೆ ಮರ್ಯಾದೆ. ಮಕ್ಕಳೆಂದರೆ ಯಾರೂ ಇಲ್ಲ ಎನ್ನಲಾರರು.

ಎಲ್ಲ ತಯಾರಿ ಆಯಿತು. ಗಾಳ ನೀರಿಗೆ ಬಿತ್ತು. ಇನ್ನು ಕಾಯುವುದು.

ಕೇಳುಗರೇ, ನಮ್ಮ ಉದ್ಯೋಗದಲ್ಲಿ ಅತ್ಯಂತ ಭಯದ ಸಂಗತಿ ಮೌನ. ಸ್ಟುಡಿಯೋದಲ್ಲಿ ಹಾಡು ಮುಗಿದು ಮುಂದಿನದು ಶುರುವಾಗದೆ ಹತ್ತು ಸೆಕೆಂಡ್ ಕಳೆದರೆ ನಮ್ಮ ಕೈಕಾಲು ತಣ್ಣಗಾಗುತ್ತದೆ, ನೀವು ಸ್ಟೇಷನ್ ಬದಲಿಸುತ್ತೀರಿ. ಮಕ್ಕಳನ್ನೂ ನಾವು ಹಾಗೇ ಬೆಳೆಸುತ್ತಿದ್ದೇವೆ. ಶಾಲೆ, ಟ್ಯೂಷನ್, ಡ್ಯಾನ್ಸ್ ಕ್ಲಾಸ್, ನಡುವೆ ಖಾಲಿ ಸಿಕ್ಕರೆ ಕೈಗೆ ಮೊಬೈಲ್. ಏನೂ ಆಗದೆ ಇರುವ ಹತ್ತು ನಿಮಿಷವನ್ನು ನಮ್ಮ ಮಕ್ಕಳು ಕಂಡೇ ಇಲ್ಲ. ಕೆರೆ ದಡದಲ್ಲಿ ಅಂಥ ಹತ್ತು ನಿಮಿಷ ಸಿಗುತ್ತದೆ. ಕೆಂಪು ಬೆಂಡು ಅಲ್ಲಾಡುವುದಿಲ್ಲ. ಮಿಂಚುಳ್ಳಿಯೊಂದು ಬಂದು ಎದುರಿನ ಕೊಂಬೆಯಲ್ಲಿ ಕೂರುತ್ತದೆ. ಅದೂ ನಮ್ಮ ಹಾಗೆ ಕಾಯುತ್ತಿದೆ ಎಂದು ಮಗುವಿಗೆ ತಾನಾಗಿಯೇ ಹೊಳೆಯುತ್ತದೆ. ಹೊಳೆಯದಿದ್ದರೆ ನೀವು ಹೇಳಬೇಡಿ, ಇನ್ನೂ ಸ್ವಲ್ಪ ಕಾಯಿರಿ.

ಕನ್ನಡ ಓದಿದ ನನಗೆ ಇಲ್ಲಿ ಪೂರ್ಣಚಂದ್ರ ತೇಜಸ್ವಿಯವರು ನೆನಪಾಗದೆ ಇರುವುದಿಲ್ಲ. 2007ರಲ್ಲಿ ತೀರಿಕೊಂಡ ಅವರಿಗೆ ಮೂಡಿಗೆರೆಯ ಸುತ್ತಲಿನ ಕಾಡು, ಹೊಳೆಗಳೆಂದರೆ ಎಷ್ಟು ಪ್ರಾಣವೋ ಗಾಳ ಹಾಕಿ ಕೂರುವುದೂ ಅಷ್ಟೇ ಪ್ರಾಣ. ಅವರ ಬರಹದಲ್ಲಿ ಒಂದು ಓತಿಕ್ಯಾತ, ಒಂದು ಹಕ್ಕಿ, ಒಂದು ಮೀನು ಅಷ್ಟು ಸ್ಪಷ್ಟವಾಗಿ ಬರಲು ಆ ಕೂರುವಿಕೆಯೇ ಕಾರಣವಿರಬೇಕು ಎಂದು ನನಗೆ ಅನ್ನಿಸುತ್ತದೆ. ನೋಡುವುದನ್ನು ಕಲಿಯಲು ಅದಕ್ಕಿಂತ ಅಗ್ಗದ ಶಾಲೆ ಇಲ್ಲ.

"ಮಾತಾಡಬೇಡ, ಮೀನು ಓಡಿಹೋಗುತ್ತದೆ" ಎಂದು ದೊಡ್ಡವರು ಗದರುವುದುಂಟು. ಅದು ಪೂರ್ತಿ ನಿಜವಲ್ಲ. ಗಾಳಿಯಲ್ಲಿ ನಾವಾಡುವ ಮಾತಿನ ಬಹುಪಾಲು ನೀರಿನ ಮೇಲ್ಮೈಗೆ ತಾಗಿ ಹಿಂದಕ್ಕೆ ಬರುತ್ತದೆ, ಒಳಗೆ ಇಳಿಯುವುದು ಬಹಳ ಕಡಿಮೆ. ಆದರೆ ದಡದಲ್ಲಿ ಧಪಧಪ ಕಾಲು ಬಡಿದರೆ ಆ ಅದುರು ನೆಲದ ಮೂಲಕ ನೀರಿಗೆ ಹೋಗುತ್ತದೆ. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಓಡುತ್ತದೆ. ಮೀನಿಗೆ ಹೊರಗೆ ಕಾಣುವ ಕಿವಿ ಇಲ್ಲ, ತಲೆಯೊಳಗೆ ಇದೆ. ಜೊತೆಗೆ ಮೈಯ ಎರಡೂ ಬದಿಯಲ್ಲಿ ಕಿವಿರಿನಿಂದ ಬಾಲದವರೆಗೆ ಒಂದು ಗೆರೆ ಇರುತ್ತದೆ. ನೀರಿನ ಸಣ್ಣ ಅಲುಗಾಟವನ್ನೂ ಅದು ಆ ಗೆರೆಯಿಂದ ತಿಳಿಯುತ್ತದೆ. ಆದ್ದರಿಂದ ಮಗುವಿಗೆ ಹೀಗೆ ಹೇಳಿ: ಮೆಲ್ಲಗೆ ಮಾತಾಡು, ಓಡಬೇಡ, ಕಲ್ಲು ಎಸೆಯಬೇಡ. ಕಾರಣ ಹೇಳಿದರೆ ಮಕ್ಕಳು ಕೇಳುತ್ತಾರೆ. ಗದರಿದರೆ ಗದರುವುದನ್ನು ಮಾತ್ರ ಕಲಿಯುತ್ತಾರೆ.

ಈ ಮೆಲುಮಾತಿನಲ್ಲೇ ಎಷ್ಟು ಕನ್ನಡ ಮಗುವಿನ ಕಿವಿಗೆ ಬೀಳುತ್ತದೆ ನೋಡಿ. ಗಾಳ, ಎರೆ, ಬೆಂಡು, ಕಿವಿರು, ರೆಕ್ಕೆ, ಹುರುಪೆ, ಸುಳಿ, ಸೆಳವು, ಉಬ್ಬರ, ಇಳಿತ. ಪಟ್ಟಿ ಮಾಡಿ ಬಾಯಿಪಾಠ ಮಾಡಿಸಿದರೆ ಸಂಜೆಗೆ ಮರೆಯುವ ಈ ಪದಗಳು ಒದ್ದೆ ಕೈಯಲ್ಲಿ ಕಲಿತರೆ ಮರೆಯುವುದಿಲ್ಲ.

ಹಾಗೆ ಕೂತಿರುವಾಗ ಬೆಂಡು ಒಮ್ಮೆ ಕುಣಿಯುತ್ತದೆ. ಮತ್ತೆ ಕುಣಿಯುತ್ತದೆ. ಆಮೇಲೆ ಸರಕ್ಕನೆ ಮುಳುಗುತ್ತದೆ. ಮಗು ಕಿರುಚುತ್ತದೆ, ನೀವೂ ಕಿರುಚುತ್ತೀರಿ, ಕೋಲು ಮೇಲೆ ಬರುತ್ತದೆ. ತುದಿಯಲ್ಲಿ ಒಂದು ಜೀವ ಪಟಪಟ ಬಡಿದುಕೊಳ್ಳುತ್ತಿರುತ್ತದೆ.

ಕೇಳುಗರೇ, ನನಗೆ ಮುಖ್ಯವಾಗಿ ಹೇಳಬೇಕಾದದ್ದು ಈ ಗಳಿಗೆಯ ಬಗ್ಗೆ. ಅಲ್ಲಿಯವರೆಗೆ ಆಟ, ಅಲ್ಲಿಂದಾಚೆಗೆ ಆಟವಲ್ಲ.

ಕಳೆದ ಬೇಸಿಗೆಯಲ್ಲಿ ನನ್ನ ಆರು ವರ್ಷದ ಮಗಳನ್ನು ಅವಳ ಸೋದರಮಾವ ಕುಂದಾಪುರದ ಕಡೆಯ ನಮ್ಮೂರಿನ ಕೆರೆಗೆ ಕರೆದುಕೊಂಡು ಹೋದರು. ಜೊತೆಗೆ ನಾನೂ ಇದ್ದೆ. ಮೊದಲು ಸಿಕ್ಕಿದ್ದು ಅಂಗೈ ಅಗಲದ ಒಂದು ಜಿಲೇಬಿ ಮೀನು. ಹೆಸರು ಕೇಳಿ ಅವಳು ಬಿದ್ದು ಬಿದ್ದು ನಕ್ಕಳು. ನಗು ನಿಂತ ಮೇಲೆ ಮೀನಿನ ಬಾಯನ್ನು ನೋಡಿದಳು. ಅದು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು.

"ಮಾವಾ, ಅದಕ್ಕೆ ನೋವಾಗತ್ತಾ?"

ನಮ್ಮ ಅಣ್ಣ ಚಿಕ್ಕಂದಿನಿಂದ ಹೊಳೆಬದಿಯಲ್ಲೇ ಬೆಳೆದವನು. 'ಇಲ್ಲ ಮಗಾ, ಮೀನಿಗೆ ಎಂಥ ನೋವು' ಎಂದು ತೇಲಿಸಿಬಿಡುತ್ತಾನೆ ಎಂದುಕೊಂಡೆ. ಅವನು ಮೀನನ್ನು ಬಕೆಟ್ಟಿನ ನೀರಿಗೆ ಬಿಟ್ಟು ಅವಳ ಎದುರು ಕುಕ್ಕರುಗಾಲಲ್ಲಿ ಕೂತ.

"ಹೌದ್ ಮಗಾ, ನೋವಾತ್ತ್. ಅದ್ಕೇ ಬೇಕಾದಷ್ಟೇ ಹಿಡೂದ್. ಹಿಡ್ದದ್ದನ್ನ ಸತಾಯ್ಸುಕಾಗ."

ಅವಳು ಸ್ವಲ್ಪ ಹೊತ್ತು ಬಕೆಟ್ಟಿನೊಳಗೆ ನೋಡಿ, "ಹಾಗಾದ್ರೆ ಇದನ್ನ ಬಿಡೋಣ" ಎಂದಳು. ಬಿಟ್ಟೆವು. ಎರಡನೆಯದು ಅದಕ್ಕಿಂತ ದೊಡ್ಡದು. "ಇದನ್ನು?" ಎಂದು ಅಣ್ಣ ಕೇಳಿದ. ಅವಳು ನನ್ನ ಮುಖ ನೋಡಿದಳು, ಅವನ ಮುಖ ನೋಡಿದಳು. "ಇದನ್ನ ಅಜ್ಜಿಗೆ" ಎಂದಳು. ಅಣ್ಣ ಮರೆಮಾಡಲಿಲ್ಲ. ಕಣ್ಣಿನ ಹಿಂದೆ ತಲೆಯ ಮೇಲೆ ಕೋಲಿನಿಂದ ಗಟ್ಟಿಯಾಗಿ ಒಂದೇ ಏಟು. ಮೀನು ಅಲ್ಲಾಡುವುದು ನಿಂತಿತು. ಮಗಳು ನನ್ನ ಸೆರಗು ಹಿಡಿದುಕೊಂಡೇ ಪೂರ್ತಿ ನೋಡಿದಳು. ಮನೆಗೆ ಬರುವ ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ. ಮುಂಬಯಿಯಲ್ಲಿ ಮೀನಿನ ತುಂಡನ್ನು ಅರ್ಧ ತಿಂದು ಅರ್ಧ ಬಿಡುವ ಹುಡುಗಿ ಆ ರಾತ್ರಿ ಅಜ್ಜಿ ಹುರಿದುಕೊಟ್ಟ ತುಂಡಿನ ಮುಳ್ಳು ಒಂದೊಂದನ್ನೇ ಬಿಡಿಸಿ ತಿಂದಳು. ತಟ್ಟೆಯ ಅಂಚಿನಲ್ಲಿ ಮುಳ್ಳಷ್ಟೇ ಉಳಿದಿತ್ತು.

ಅಣ್ಣ ಹೇಳಿದ್ದು ಊರಿನ ತಿಳಿವಳಿಕೆ. ವಿಜ್ಞಾನವೂ ಅದೇ ದಿಕ್ಕಿನಲ್ಲಿ ಮಾತಾಡುತ್ತದೆ. 2003ರಲ್ಲಿ ಸ್ಕಾಟ್ಲೆಂಡಿನಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಎಂಬ ಮೀನಿನ ಮುಖದಲ್ಲಿ, ಪೆಟ್ಟು ಉರಿಗಳನ್ನು ಗುರುತಿಸುವ ನರಗಳಿವೆ ಎಂದು ತೋರಿಸಿದರು. ಮೀನು ಅದನ್ನು ನಮ್ಮ ಹಾಗೆಯೇ ಅನುಭವಿಸುತ್ತದೆಯೇ ಎಂಬುದರ ಬಗ್ಗೆ ವಿಜ್ಞಾನಿಗಳ ವಾದ ನಡೆದೇ ಇದೆ. ಆದರೆ 'ಏನೂ ಆಗುವುದಿಲ್ಲ' ಎಂದು ಮಗುವಿಗೆ ಹೇಳುವ ಹಕ್ಕು ನಮಗಿಲ್ಲ. ಮಗು ಕಣ್ಣಾರೆ ನೋಡುತ್ತಿದೆ. ಕಣ್ಣು ಹೇಳುವುದು ಒಂದು, ಅಮ್ಮ ಹೇಳುವುದು ಇನ್ನೊಂದು ಆದರೆ ಮುಂದಿನ ಸಲ ಅದು ಅಮ್ಮನನ್ನು ಕೇಳುವುದನ್ನೇ ಬಿಟ್ಟುಬಿಡುತ್ತದೆ.

ಮಗು ಅತ್ತರೆ? ಅಳಲಿ. ಬಿಡೋಣ ಎಂದರೆ? ಬಿಡಿ. ಇನ್ನು ಮೀನು ತಿನ್ನುವುದಿಲ್ಲ ಎಂದರೆ? ಅದನ್ನೂ ಒಪ್ಪಿಕೊಳ್ಳಿ. ತಿನ್ನುತ್ತೇನೆ ಎಂದರೆ ಚೆಲ್ಲದೆ ತಿನ್ನಲಿ. ಯಾವ ಉತ್ತರ ಬಂದರೂ ಅದು ಮಗು ತಾನೇ ಯೋಚಿಸಿ ಕೊಟ್ಟ ಉತ್ತರ. ಕಪ್ಪು ಪ್ಲಾಸ್ಟಿಕ್ ಚೀಲ ಆ ಯೋಚನೆಗೆ ಅವಕಾಶವನ್ನೇ ಕೊಡುವುದಿಲ್ಲ.

ಬಿಡುವುದಾದರೆ ಸರಿಯಾಗಿ ಬಿಡಬೇಕು. ಮೀನಿನ ಮೈಮೇಲಿನ ಲೋಳೆಯೇ ಅದಕ್ಕೆ ರಕ್ಷಣೆ. ಒಣಗಿದ ಕೈಯಲ್ಲಿ ಹಿಡಿದರೆ ಅದು ಕಿತ್ತುಬರುತ್ತದೆ, ಆದ್ದರಿಂದ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಹಿಂಡಬೇಡಿ. ಫೋಟೋಗೆಂದು ಬಿಸಿಲಲ್ಲಿ ನೇತಾಡಿಸಬೇಡಿ. ಎಸೆಯದೆ ನೀರೊಳಗೆ ಕೈ ಇಳಿಸಿ, ಅದಾಗಿಯೇ ಈಜಿ ಹೋಗುವವರೆಗೆ ಹಿಡಿದುಕೊಳ್ಳಿ. ಇಟ್ಟುಕೊಳ್ಳುವುದಾದರೆ ಬೇಗ ಮುಗಿಸಿ. ಬಕೆಟ್ಟಿನಲ್ಲಿ ಗಂಟೆಗಟ್ಟಲೆ ಬಾಯಿ ಬಿಡಿಸುವುದು ಬೇಡ. ಮನೆಯಲ್ಲಿ ಮೀನು ಹೆಚ್ಚುವಾಗ ಮಗು ನೋಡಲು ಬಂದರೆ ಓಡಿಸಬೇಡಿ. ಒಳಗೆ ಪುಟ್ಟ ಬಿಳಿ ಬಲೂನಿನಂಥ ಗಾಳಿಚೀಲ ಇರುತ್ತದೆ, ತೋರಿಸಿ. ಮೀನು ಕಷ್ಟಪಡದೆ ನೀರಿನ ನಡುವೆ ನಿಲ್ಲುವುದು ಅದರಿಂದ. ಕೆಂಪು ಕಿವಿರನ್ನೂ ತೋರಿಸಿ.

ಮೀನು ಹಿಡಿದುಕೊಳ್ಳುವಾಗ ಜಾಗ್ರತೆ. ಜಿಲೇಬಿಯ ಬೆನ್ನಿನ ರೆಕ್ಕೆಯಲ್ಲಿ ಮುಳ್ಳಿರುತ್ತದೆ, ತಲೆಯಿಂದ ಬಾಲದ ಕಡೆಗೆ ಸವರಿದರೆ ಮಡಚಿಕೊಳ್ಳುತ್ತದೆ. ಮೀಸೆ ಇರುವ ಮೀನು ಬಂದರೆ ಮಗು ಮುಟ್ಟುವುದೇ ಬೇಡ. ಅದರಲ್ಲೂ ಚೇಳುಮೀನಿನ ಮುಳ್ಳು ಚುಚ್ಚಿದರೆ ಹೆಸರಿಗೆ ತಕ್ಕ ಹಾಗೆ ಚೇಳು ಕುಟುಕಿದಂತೆಯೇ ಉರಿ.

ಅಂದ ಹಾಗೆ, ಈ ಜಿಲೇಬಿ ನಮ್ಮೂರಿನದಲ್ಲ. ತಿಲಾಪಿಯಾ ಎಂಬ ಆಫ್ರಿಕಾದ ಮೀನು ಅದು, 1952ರಲ್ಲಿ ಭಾರತಕ್ಕೆ ತಂದರು. ಈಗ ಕರೆ ಕೆರೆಯಲ್ಲೂ ಇದೆ, ಎಷ್ಟೋ ಕಡೆ ನಮ್ಮ ಸ್ಥಳೀಯ ಮೀನುಗಳ ಜಾಗ ಹಿಡಿದಿದೆ. ಹಸಿವಿನ ಮೀನು, ಬೇಗ ಕಚ್ಚುತ್ತದೆ, ಕಲಿಯುವ ಮಕ್ಕಳಿಗೆ ಒಳ್ಳೆಯದು. ಹಾಗೆ ಬಂದ ಮೊಸಾಂಬಿಕ್ ತಿಲಾಪಿಯಾದ ತಾಯಿ ಮೊಟ್ಟೆಗಳನ್ನೂ ಮರಿಗಳನ್ನೂ ತನ್ನ ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ. ಗಂಡಾಂತರ ಬಂತೆಂದರೆ ಮರಿಗಳೆಲ್ಲ ಓಡಿಬಂದು ಅಮ್ಮನ ಬಾಯೊಳಗೆ! ಈ ಕಥೆಯನ್ನು ಮಗುವಿಗೆ ಹೇಳಿ ನೋಡಿ, ರಾತ್ರಿ ನಿದ್ದೆಗೆ ಬೇರೆ ಕಥೆ ಬೇಕಾಗುವುದಿಲ್ಲ.

ಹಿಡಿಯುವುದನ್ನು ಕಲಿಸುವಾಗ ಹಿಡಿಯದೆ ಇರುವುದನ್ನೂ ಕಲಿಸಬೇಕು. ಮೊದಲ ಮಳೆ ಬಿದ್ದು ಹಳ್ಳಕೊಳ್ಳ ತುಂಬಿದಾಗ ಮೀನುಗಳು ಹರಿವಿಗೆ ಎದುರಾಗಿ ಗದ್ದೆಗಳತ್ತ ಏರಿ ಬರುತ್ತವೆ. ಮಲೆನಾಡಿನವರು ಹತ್ತುಮೀನು ಎನ್ನುವುದು ಇವನ್ನೇ. ರಾತ್ರಿ ಬೆಳಕು ಹಿಡಿದು, ಕತ್ತಿ ಹಿಡಿದು ಹೋಗುವ ಆ ಸಂಭ್ರಮದ ನೆನಪು ನಿಮ್ಮಲ್ಲಿ ಎಷ್ಟೋ ಜನರಿಗಿರಬಹುದು. ಆದರೆ ಅವು ಮೊಟ್ಟೆ ಇಡಲು ಹೊರಟ ಮೀನುಗಳು. ಒಂದನ್ನು ಕಡಿದರೆ ಸಾವಿರ ಮರಿ ಹೋದ ಹಾಗೆ. ಕಡಲಿಗೂ ಇದೇ ಲೆಕ್ಕ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ರಜೆ. ಚೆನ್ನೈ ಕಡೆಯ ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14. ಮುಂಬಯಿಯ ಕೋಳಿ ಜನ ಶ್ರಾವಣ ಹುಣ್ಣಿಮೆಯ ದಿನ, ಅಂದರೆ ನಾರಳಿ ಪೂರ್ಣಿಮೆಗೆ, ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಆಮೇಲೆ ದೋಣಿ ಇಳಿಸುವ ಪದ್ಧತಿಯಲ್ಲೂ ಇದೇ ವಿವೇಕ ಇದೆ.

ಕೆಲವು ನೀರಿನಲ್ಲಿ ಎಂದೆಂದಿಗೂ ಹಿಡಿಯುವಂತಿಲ್ಲ. ಶೃಂಗೇರಿಯ ತುಂಗೆಯಲ್ಲಿ, ಬೆಳ್ತಂಗಡಿ ತಾಲೂಕಿನ ಶಿಶಿಲದ ಕಪಿಲೆಯಲ್ಲಿ ಮಕ್ಕಳ ಕಾಲಿನ ಉದ್ದದ ಮೀನುಗಳು ದಡಕ್ಕೆ ಬಂದು ಬಾಯಿ ತೆರೆಯುತ್ತವೆ. ಅವು ದೇವರ ಮೀನು, ಯಾರೂ ಮುಟ್ಟುವುದಿಲ್ಲ. ಅದೇ ಮಹಶೀರ್ ಕುಲಕ್ಕೆ ಸೇರಿದ ಕಾವೇರಿ ಕಣಿವೆಯ ಗೂನುಬೆನ್ನಿನ ಮೀನನ್ನು 2018ರಲ್ಲಿ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಕೆಂಪುಪಟ್ಟಿಗೆ ಸೇರಿಸಲಾಯಿತು. ದೇವರ ಹೆಸರಿನಲ್ಲಾದರೂ ಕೆಲವು ಮಡು ಉಳಿದಿವೆಯಲ್ಲ, ಸಮಾಧಾನ. ಮೀನು ತಿನ್ನದ ಮನೆಯ ಮಕ್ಕಳ ಮೊದಲ ಭೇಟಿಗೆ ಇಂಥ ಜಾಗವೇ ಸೊಗಸು.

"ಈ ಸಲ ಊರಿಗೆ ಹೋಗುವುದಿಲ್ಲ, ರಜೆ ಸಿಗಲಿಲ್ಲ" ಎನ್ನುವವರಿಗೂ ಒಂದು ಮಾತು. ಮುಂಬಯಿಯ ಕಡಲ ದಡದ ಬಂಡೆಗಳ ಮೇಲೆ ಗಾಳ ಹಾಕಿ ನಿಂತವರನ್ನು ನೀವು ನೋಡಿರುತ್ತೀರಿ. ಅದನ್ನು ನೋಡಿ ಪುಟ್ಟ ಮಗುವನ್ನು ಅಲ್ಲಿಗೆ ಕರೆದೊಯ್ಯಬೇಡಿ. ಅಮಾವಾಸ್ಯೆ ಹುಣ್ಣಿಮೆಯ ಹೊತ್ತಿಗೆ ಇಲ್ಲಿ ಉಬ್ಬರದ ನೀರು ನಾಲ್ಕೂವರೆ ಮೀಟರಿಗೂ ಮೇಲೆ ಏರುವುದುಂಟು. ನಿಂತ ಬಂಡೆಯ ಹಿಂದಿನ ದಾರಿಯೇ ಮುಚ್ಚಿಹೋಗುತ್ತದೆ. ಪವಾಯಿ ಕೆರೆಯಲ್ಲಿ ಮೊಸಳೆಗಳಿವೆ. ಅದರ ಬದಲು ಮಗುವನ್ನು ಒಂದು ದಿನ ನಸುಕಿನಲ್ಲಿ ಎಬ್ಬಿಸಿ, 1875ರಲ್ಲಿ ಕಟ್ಟಿದ ಕೊಲಾಬಾದ ಸಸೂನ್ ಡಾಕ್‌ಗೆ ಕರೆದುಕೊಂಡು ಹೋಗಿ. ದೋಣಿಗಳು ಬಂದು ಬುಟ್ಟಿ ಬುಟ್ಟಿ ಮೀನು ಇಳಿಯುವುದನ್ನು ನೋಡಲಿ. ತಲೆ, ಬಾಲ, ಕಣ್ಣು ಎಲ್ಲ ಇರುವ ಪೂರ್ತಿ ಮೀನು. ಸುರಮಯಿ ಎಂದರೆ ಅಂಜಲ್, ಬಾಂಗಡಾ ಎಂದರೆ ಬಂಗುಡೆ, ಪಾಪ್ಲೆಟ್ ಎಂದರೆ ಮಾಂಜಿ ಎಂದು ಅಲ್ಲೇ ಹೇಳಿಕೊಡಿ. ಪುಣೆ, ಹೈದರಾಬಾದ್, ದೆಹಲಿಯಲ್ಲಿರುವವರು ಜಲಾಶಯಕ್ಕೋ ನದಿಗೋ ಹೋಗುವ ಮುಂಚೆ ಅಲ್ಲಿ ಗಾಳ ಹಾಕಲು ಅನುಮತಿ ಬೇಕೇ ಎಂದು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ.

ಕೊನೆಗೆ ಒಂದು ಸಣ್ಣ ಕೆಲಸ. ಎದ್ದು ಬರುವಾಗ ತುಂಡಾದ ನೈಲಾನ್ ದಾರವನ್ನು ಒಂದಿಂಚೂ ಬಿಡದೆ ಮಗುವಿನ ಕೈಯಲ್ಲೇ ಹೆಕ್ಕಿಸಿ, ಸುತ್ತಿ ಮನೆಗೆ ತನ್ನಿ. ಆ ದಾರ ಕೊಳೆಯುವುದಿಲ್ಲ. ಮಿಂಚುಳ್ಳಿಯ ಕಾಲಿಗೋ ಕೊಕ್ಕರೆಯ ಕತ್ತಿಗೋ ಸುತ್ತಿಕೊಂಡರೆ ಬಿಡಿಸುವವರು ಯಾರು?

ಅಷ್ಟು ಮಾಡಿ, ಮೀನು ಸಿಗದಿದ್ದರೂ ಸರಿ. ಹತ್ತರಲ್ಲಿ ಆರು ದಿನ ಸಿಗುವುದಿಲ್ಲ. ಮೀನ ಮೇಷ ಎಣಿಸುತ್ತಾ ಕೂರಬೇಡಿ, ಮಕ್ಕಳು ಆರು ವರ್ಷದವರಾಗಿ ಇರುವುದು ಒಂದೇ ಬೇಸಿಗೆ.

ನಿಮ್ಮೂರಿನಲ್ಲಿ ಮೊದಲ ಮಳೆಗೆ ಏರಿ ಬರುವ ಮೀನಿಗೆ ಏನೆನ್ನುತ್ತಾರೆ? ಗಾಳಕ್ಕೆ ಸಿಗುವ ಸಣ್ಣ ಮೀನುಗಳ ಹೆಸರುಗಳೇನು? ಮನೆಯ ಹಿರಿಯರನ್ನು ಕೇಳಿ, ಊರಿನ ಹೆಸರಿನೊಂದಿಗೆ ನಮಗೆ ಬರೆದು ಕಳಿಸಿ. ಬಂದದ್ದನ್ನೆಲ್ಲ ಮಳೆಗಾಲದ ಒಂದು ಕಾರ್ಯಕ್ರಮದಲ್ಲಿ ಓದುತ್ತೇನೆ. ಅಜ್ಜಿ ಹೇಳಿ, ಮೊಮ್ಮಕ್ಕಳು ಬರೆದ ಪತ್ರಗಳನ್ನು ಮೊದಲು ಓದುತ್ತೇನೆ.

ರಜೆ ಚೆನ್ನಾಗಿ ಕಳೆಯಲಿ. ನಮಸ್ಕಾರ.